ಗಣಪನ ವಾಹನಕ್ಕೆ ರೋಗ ಬರಿಸೋದು ಯಾಕೆ?

ಬನಹಟ್ಟಿಯಿಂದ ಮಗ್ಗದ ಮಾಲೀಕರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಜೀನ್ ಕಿತ್ತ ಇಲಿಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಿಲ್ಲ. 'ಗಣಪನ ವಾಹನವನ್ನು ಕೆಡಿಸಿದವರಿಗೆ ನೊಬೆಲ್ ಅಂತೆ! ನಾವು ಕೆಟ್ಟ ಮಗ್ಗ ರಿಪೇರಿ ಮಾಡ್ತೀವಿ, ನಮಗೆ ಯಾರೇನು ಕೊಟ್ಟರು? ಅಷ್ಟಕ್ಕೂ ಇಲಿಗೆ ನಾಟಿದ ಔಷಧ ಮನುಷ್ಯನಿಗೆ ನಾಟುತ್ತಾ?' ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಮಸ್ಕಾರ್ರೀ. ಪತ್ರ ಓದಿ ಮೊದಲು ನಕ್ಕೆ. ಆಮೇಲೆ ನೋಡಿದರೆ ಉತ್ತರ ನಿಮ್ಮ ಮಗ್ಗದಲ್ಲೇ ಇದೆ. ಅಂಚಿಗೆ ಹೂ ತೆಗೆಯಲು ಜಕಾರ್ಡ್ ಕಾರ್ಡು ಹಾಕುತ್ತೀರಲ್ಲ, ಅದರಲ್ಲಿ ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಯಾವ ತೂತು ಯಾವ ಎಸಳಿಗೆ ಅಂತ ಹೊಸ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಒಂದು ತೂತಿಗೆ ಕಾಗದ ಅಂಟಿಸಿ ನೇಯಲಿ. ಹೂವು ಎಲ್ಲಿ ಮುಕ್ಕಾಯಿತೋ ಅದೇ ಆ ತೂತಿನ ಕೆಲಸ. ಇಲಿಯಲ್ಲಿ ಮಾಡಿದ್ದೂ ಇದನ್ನೇ.

ಆದರೆ ಇಲ್ಲಿ ತೂತು ಅಂದರೆ ಜೀನ್, ಮೈಯ ಒಂದೊಂದು ಕೆಲಸಕ್ಕೆ ಬರೆದಿಟ್ಟ ಸೂಚನೆ. ಅವು ಸುಮಾರು 20 ಸಾವಿರ, ಕಾರ್ಡು ಇರುವುದು ಕಣ್ಣಿಗೆ ಕಾಣದ ಜೀವಕೋಶದೊಳಗೆ. ಅಮೆರಿಕದ ಯೂಟಾದಲ್ಲಿದ್ದ ವಿಜ್ಞಾನಿ ಮಾರಿಯೋ ಕಪೆಕ್ಕಿ 1980ರಲ್ಲಿ ಇದಕ್ಕೆ ಸರ್ಕಾರದ ಹಣ ಕೇಳಿದರು. ಆಗುವ ಕೆಲಸವಲ್ಲ, ಬಿಡಿ ಅಂದರು ಪರಿಶೀಲಕರು. ಕಪೆಕ್ಕಿ ಬಿಡಲಿಲ್ಲ, ಬೇರೆ ಕೆಲಸಕ್ಕೆ ಸಿಕ್ಕ ಹಣವನ್ನೇ ಇದಕ್ಕೆ ಸುರಿದರು. 1984ರಲ್ಲಿ, ನಮ್ಮ ಮಾತು ಕೇಳದಿದ್ದದ್ದೇ ಒಳ್ಳೇದಾಯಿತು ಅಂತ ಉತ್ತರ ಬಂತು! (ನಮ್ಮ ಕಡೆ ಇಷ್ಟು ಒಪ್ಪಿಕೊಳ್ಳುವ ಅಧಿಕಾರಿ ಸಿಕ್ಕರೆ ತಿಳಿಸಿ.)

ಇಲಿಯ ಭ್ರೂಣದಿಂದ ಕೋಶ ತೆಗೆದು ಬೆಳೆಸುವ ದಾರಿ ತೋರಿಸಿದ್ದು ಮಾರ್ಟಿನ್ ಇವಾನ್ಸ್ ಎಂಬ ವಿಜ್ಞಾನಿ. ಅಂಥ ಕೋಶಗಳಲ್ಲಿ ಜೀನ್ ಕೆಡಿಸಿ, ಆ ಕೋಶಗಳನ್ನು ಬೇರೆ ಬಣ್ಣದ ಇಲಿಯ ಭ್ರೂಣಕ್ಕೆ ಸೇರಿಸುತ್ತಾರೆ. ಹುಟ್ಟುವ ಮರಿಯ ಮೈಮೇಲೆ ಕಪ್ಪು, ಕಂದು ಪಟ್ಟೆ. ಪಟ್ಟೆ ಕಂಡರೆ ಕೋಶ ಹಿಡಿದಿದೆ ಅಂತ ಗುರುತು. ಅದರ ಸಂತಾನದಲ್ಲಿ ಕೆಟ್ಟ ಜೀನ್ ಒಂದೊಂದು ಪ್ರತಿ ಇರುವ ಗಂಡು-ಹೆಣ್ಣನ್ನು ಕೂಡಿಸಿದರೆ, ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಪ್ರತಿ (ತಾಯಿಯದೊಂದು, ತಂದೆಯದೊಂದು) ಕೆಟ್ಟಿರುತ್ತವೆ. ಹೀಗೆ ಜೀನ್ ಕೆಡಿಸಿದ ಇಲಿಗಳು ಮೊದಲು ಬಂದದ್ದು 1989ರಲ್ಲಿ. ಕಪೆಕ್ಕಿ, ಇವಾನ್ಸ್, ಕಪೆಕ್ಕಿಯಂತೆಯೇ ಜೀನ್ ಬದಲಿಸುವ ದಾರಿ ಹುಡುಕಿದ ಆಲಿವರ್ ಸ್ಮಿಥೀಸ್, ಈ ಮೂವರಿಗೂ ನೊಬೆಲ್ 2007ರಲ್ಲಿ.

ಉಪಯೋಗ ಏನು ಅಂತೀರಾ? ಇಲಿಯ ರಕ್ತನಾಳದಲ್ಲಿ ಸಾಮಾನ್ಯವಾಗಿ ಕೊಬ್ಬು ಕಟ್ಟುವುದಿಲ್ಲ. 1992ರಲ್ಲಿ ಅಪೊ-ಇ ಎಂಬ ಜೀನ್ ತೆಗೆದ ಇಲಿ ಬಂತು. ಅದು ದಿನದ ಕಾಳುಕಡಿ ತಿಂದರೂ ನಾಳದಲ್ಲಿ ಕೊಬ್ಬು ಕಟ್ಟುತ್ತದೆ. ಹೃದಯದ ಔಷಧ ಪರೀಕ್ಷಿಸುವವರಿಗೆ ಅದೊಂದು ದೊಡ್ಡ ಆಸರೆ ಆಯಿತು.

ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ನಾನು ನಿಮ್ಮ ಪಕ್ಷ. ಅದೇ ವರ್ಷ ಸಿಸ್ಟಿಕ್ ಫೈಬ್ರೋಸಿಸ್ ರೋಗದ ಇಲಿಯೂ ಬಂತು. ಮನುಷ್ಯರಿಗೆ ಆ ರೋಗದಲ್ಲಿ ಶ್ವಾಸಕೋಶದ ಲೋಳೆ ಗಟ್ಟಿಯಾಗುತ್ತದೆ. ಅದೇ ಜೀನ್ ಇಲ್ಲದ ಇಲಿಗೆ ಕರುಳು ಕಟ್ಟಿಕೊಂಡಿತು, ಶ್ವಾಸಕೋಶ ಬಹುಪಾಲು ಚೆನ್ನಾಗಿಯೇ ಇತ್ತು. ಒಂದೇ ಕಾರ್ಡನ್ನು ಬೇರೆ ಮಗ್ಗಕ್ಕೆ ಹಾಕಿದ ಹಾಗೆ! ಜೀನ್ ಏನು ಮಾಡುತ್ತದೆ ಅಂತ ಇಲಿ ಹೇಳಬಲ್ಲದು. ಔಷಧ ನಿಮಗೆ ನಾಟುತ್ತದೆ ಅಂತ ಗ್ಯಾರಂಟಿ ಕೊಡಲಾರದು. ನಮ್ಮ ಲೇಖನ ಇದನ್ನು ಹೇಳದೆ ಬಿಟ್ಟಿತ್ತು, ತಪ್ಪು ನಮ್ಮದೇ.

ಇಲಿಗೆ ಹಿಂಸೆ ಇಲ್ಲವೇ ಅಂದರೆ, ಇದೆ. ಅದಕ್ಕೇ ನಮ್ಮ ದೇಶದಲ್ಲಿ 1960ರ ಕಾಯ್ದೆ ಇದೆ, ಪ್ರಯೋಗಕ್ಕೆ ಮುಂಚೆ ಸಮಿತಿಯ ಒಪ್ಪಿಗೆ ಬೇಕು.

ನಿಮ್ಮ ರಿಪೇರಿಗೆ ನೊಬೆಲ್ ಕೊಡಿಸೋದು ನನ್ನ ಕೈಲಾಗದು. ಆದರೆ ಒಂದು ತೂತಿಗೆ ಕಾಗದ ಅಂಟಿಸಿ ಗೇಣುದ್ದ ಅಂಚು ನೇಯ್ದು ಬೆಳಗಾವಿಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಫೋಟೊ ಹಾಕುತ್ತೇವೆ.