ಜೀವಾಮೃತಕ್ಕೆ ಬೆಲ್ಲ, ಹಿಟ್ಟು ಯಾಕೆ ಹಾಕುತ್ತಾರೆ?

ಜೀವಾಮೃತ ಅಂದರೆ ಸಗಣಿ, ಗಂಜಲ ನೀರಲ್ಲಿ ಕಲಸಿಟ್ಟು ಹೊಲಕ್ಕೆ ಕೊಡುವ ದ್ರವ. ಅದರ ಬೆಲ್ಲ, ಹಿಟ್ಟು ಗಿಡಕ್ಕಲ್ಲ, ಸೂಕ್ಷ್ಮಜೀವಿಗಳಿಗೆ ಊಟ. ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಹೇಳಿಕೊಟ್ಟ ಅಳತೆ ಹೀಗಿದೆ: 200 ಲೀಟರ್ ನೀರಿಗೆ 10 ಕಿಲೋ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಕಡಲೆ ಅಥವಾ ಹುರುಳಿ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಸಗಣಿ, ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಬೆಲ್ಲದಿಂದ ಶಕ್ತಿ, ಹಿಟ್ಟಿನಿಂದ ಪ್ರೋಟೀನ್ ಸಿಗುತ್ತದೆ. ನೆರಳಲ್ಲಿಟ್ಟು ಆಗಾಗ ಕೋಲಿನಿಂದ ತಿರುಗಿಸಿದರೆ ಎರಡು ದಿನದಲ್ಲೇ ಅವು ಜಾಸ್ತಿಯಾಗುತ್ತವೆ. ಹೊಲದಲ್ಲಿ ಹುಲ್ಲು, ತರಗು ಕೊಳೆಸಿ, ಅದರ ಸತ್ವ ಬೇರಿಗೆ ಸಿಗುವಂತೆ ಮಾಡುತ್ತವೆ.

ಹಾಗಾಗಿ ಬರಿ ನೆಲಕ್ಕೆ ಸುಮ್ನೆ ಸುರಿದರೆ ಸಾಲದು. ಅಲ್ಲಿ ಕೊಳೆಯೋಕೆ ಏನೂ ಇಲ್ಲ, ಅಲ್ವಾ? ಕಬ್ಬಿನ ರವದಿ (ಒಣಗಿದ ಗರಿ), ಒಣ ಕಳೆ ದಯವಿಟ್ಟು ಸುಡಬೇಡಿ. ಅದನ್ನೇ ನೆಲಕ್ಕೆ ಹೊದಿಸಿ, ತೇವ ಇದ್ದಾಗ ಜೀವಾಮೃತ ಕೊಡಿ.