ಹಸಿದ ಪ್ರವಾಸಿಗೆ ಸುಟ್ಟ ಮೀನು

ಪ್ರಶ್ನೆ: ಆಫ್ರಿಕಾಕ್ಕೆ ಹೋದ ಹಳೇ ಕಾಲದ ಬಿಳಿಯರಿಗೆಲ್ಲ ಅಲ್ಲಿನ ಬುಡಕಟ್ಟಿನವರು ಈಟಿ ಹಿಡಿದೇ ಎದುರಾದರಾ?
– ಓದುಗರು, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ಹಾಗೇನಿಲ್ಲ. ಸ್ಕಾಟ್ಲೆಂಡಿನ ವೈದ್ಯ ಮುಂಗೋ ಪಾರ್ಕ್ 1796ರ ಜುಲೈನಲ್ಲಿ ನೈಜರ್ ನದಿ ಹುಡುಕುತ್ತಾ ಸೆಗುಗೆ ಬಂದ. ಅದು ಈಗಿನ ಮಾಲಿ ದೇಶದಲ್ಲಿದೆ. ಎತ್ತರದ ಮಣ್ಣಿನ ಗೋಡೆಯ ಪಟ್ಟಣ, ಬಂಬಾರ ಜನರ ರಾಜಧಾನಿ, ಸುಮ್ನೆ ಕಾಡುಜನ ಅನ್ನುವ ಹಾಗಿರಲಿಲ್ಲ. ರಾಜ ಹೊಳೆ ದಾಟಲು ಬಿಡಲಿಲ್ಲ, ದೂರದ ಹಳ್ಳಿಗೆ ಹೋಗು ಅಂದ, ಆ ಹಳ್ಳಿಯಲ್ಲೋ ಯಾರೂ ಮನೆಯೊಳಗೆ ಕರೆಯದೆ ಇವನು ದಿನವಿಡೀ ಹಸಿದುಕೊಂಡು ಮರದಡಿ ಕೂತ.

ಸಂಜೆ ಮಳೆಮೋಡ. ಹೊಲದಿಂದ ಬರುತ್ತಿದ್ದ ಹೆಂಗಸೊಬ್ಬಳು ಕುದುರೆಯ ಜೀನು, ಲಗಾಮು ತಾನೇ ಎತ್ತಿಕೊಂಡು ಮನೆಗೆ ಕರೆದೊಯ್ದಳು. ಕೆಂಡದಲ್ಲಿ ಸುಟ್ಟ ಮೀನು ಕೊಟ್ಟು ಚಾಪೆ ಹಾಸಿದಳು. ಆಮೇಲೆ ಮನೆಯ ಹೆಂಗಸರು ಹತ್ತಿ ನೂಲುತ್ತಾ ಇವನ ಮೇಲೆಯೇ ಪದ ಕಟ್ಟಿ ಹಾಡಿದರು. ಪಾಪ, ಹಾಲು ಕೊಡಲು ತಾಯಿಲ್ಲ, ಕಾಳು ಬೀಸಲು ಹೆಂಡತಿಯಿಲ್ಲ ಅಂತ! ನಮ್ಮ ಕಡೆ ಜೋಳ ಬೀಸುತ್ತಾ ಪದ ಹೇಳುತ್ತಿದ್ದ ಅಜ್ಜಿಯರ ನೆನಪಾಗುತ್ತದೆ ಅಲ್ವಾ?

ಬೆಳಗ್ಗೆ ನೋಡಿದರೆ, ಕೊಡಲು ಅವನ ಹತ್ತಿರ ಇದ್ದದ್ದು ಒಳಕೋಟಿನ ನಾಲ್ಕು ಹಿತ್ತಾಳೆ ಗುಂಡಿ. ಎರಡು ಅವಳಿಗೆ ಕೊಟ್ಟ.