‘ಕಳಿಸಿದರೆ ಏನು ನಷ್ಟ?’

ದಾವಣಗೆರೆಯ ಓದುಗರೊಬ್ಬರ ಪತ್ರ: ‘ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ದೊಡ್ಡಮಾವನವರು ಒಂದು ವಿಡಿಯೋ ಹಾಕಿದ್ದಾರೆ. ಹುಡುಗರು ಬೀದಿಯಲ್ಲಿ ಕ್ರಿಕೆಟ್ ಆಡುತ್ತಿರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಈ ಗ್ಯಾಂಗ್ ನಮ್ಮ ಜಿಲ್ಲೆಗೆ ಬಂದಿದೆ, ಎಲ್ಲರಿಗೂ ಕಳಿಸಿ ಅಂತ ಕೆಳಗೆ ಬರೆದಿದೆ. ನನಗೆ ಅನುಮಾನ. ಗ್ರೂಪಿಗೆ ನಮ್ಮ ಯಜಮಾನರೇ ಅಡ್ಮಿನ್. ಅವರನ್ನು ಕೇಳಿದರೆ, ಸುಳ್ಳಾದರೂ ನಾಲ್ಕು ಜನ ಹುಷಾರಾಗಿರ್ತಾರೆ, ಕಳಿಸಿದರೆ ಏನು ನಷ್ಟ ಅಂದರು. ಇಂಥದ್ದು ಸುಳ್ಳೆಂದು ತಿಳಿಯುವುದು ಹೇಗೆ? ದೂರು ಯಾರಿಗೆ ಕೊಡಬೇಕು? ಹಿರಿಯರಿಗೆ ಏನಂತ ಹೇಳಲಿ?’

ನಿಮ್ಮ ಅನುಮಾನ ಸರಿ ಇದೆ. ನೀವು ಬರೆದಿರುವುದನ್ನು ನೋಡಿದರೆ ಇದು 2018ರಲ್ಲಿ ದೇಶವಿಡೀ ಓಡಾಡಿದ ವಿಡಿಯೋ. ಅದು ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಕಾಣೆಯಾದ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ಜನರಲ್ಲಿ ಜಾಗೃತಿ ಮೂಡಿಸಲು ಮಾಡಿಸಿದ್ದು. ಪೂರ್ತಿ ವಿಡಿಯೋದಲ್ಲಿ ಆ ಇಬ್ಬರು ತಿರುಗಿ ಬಂದು ಮಗುವನ್ನು ಇಳಿಸುತ್ತಾರೆ. ಮಗುವನ್ನು ಕದಿಯಲು ಒಂದು ಕ್ಷಣ ಸಾಕು, ಎಚ್ಚರ ಇರಲಿ ಎಂಬ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿ ಹಾಕಿದರು. ಮಕ್ಕಳನ್ನು ಕಾಪಾಡಲು ಮಾಡಿದ ಚಿತ್ರವೇ ಜನರ ಜೀವ ತೆಗೆಯುವ ಚಿತ್ರವಾಯಿತು.

ನಿಮ್ಮ ಯಜಮಾನರು ಕೇಳಿದ ನಷ್ಟದ ಮಾತಿಗೆ ಉತ್ತರ ಇಲ್ಲೇ ಇದೆ. 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಎಂದು ಕಟ್ಟಿಹಾಕಿ ಹೊಡೆದರು. ಆತ ಬದುಕಲಿಲ್ಲ. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರನ್ನು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ನಡೆದದ್ದನ್ನು ಅವರಿಗೆ ದಯವಿಟ್ಟು ಓದಿ ಹೇಳಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಊರಿನವರಿಗೆ ಅನುಮಾನ ಬಂತು, ಜಗಳವಾಯಿತು, ಕಾರು ಹೊರಟಿತು. ಕಾರಿಗಿಂತ ಮೊದಲು ಅವರ ವಿಡಿಯೋ ಮುಂದಿನ ಊರಾದ ಮುರ್ಕಿಯ ಗ್ರೂಪು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವ ಎಂಜಿನಿಯರ್ ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಬಂಧಿತರಲ್ಲಿ ಆ ಗ್ರೂಪಿನ ಅಡ್ಮಿನ್ ಕೂಡ ಇದ್ದರು. ವಿಡಿಯೋ ಕಳಿಸಿದವರಲ್ಲಿ ಎಷ್ಟೋ ಜನ ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸಿರಬಹುದು. ‘ಹುಷಾರಾಗಿರಲಿ’ ಎಂಬ ಮಾತು ನನ್ನನ್ನು ಹೆದರಿಸುವುದು ಅದಕ್ಕೇ.

ಈಗ ಗುರುತಿಸುವ ವಿಷಯ. ‘ಈ ವಿಡಿಯೋ ನಿಜವೋ ಸುಳ್ಳೋ’ ಎಂದು ಕೇಳಿದರೆ ಮೋಸಹೋಗುತ್ತೀರಿ. ಎಷ್ಟೋ ಸಲ ದೃಶ್ಯವನ್ನು ಯಾರೋ ಎಲ್ಲೋ ನಿಜಕ್ಕೂ ಚಿತ್ರಿಸಿರುತ್ತಾರೆ, ಸುಳ್ಳು ಇರುವುದು ಅದರ ಕೆಳಗಿನ ಬರಹದಲ್ಲಿ. ಆದ್ದರಿಂದ ಎಲ್ಲಿಯದು, ಯಾವಾಗಿನದು, ಮುಂದೇನಾಯಿತು ಎಂದು ಕೇಳಿ. ‘ನಮ್ಮ ಜಿಲ್ಲೆ’ ಅಂತ ಇದೆ, ಆದರೆ ಯಾವ ತಾಲ್ಲೂಕು, ಯಾವ ಠಾಣೆ? ತಾರೀಖು ಇದೆಯಾ? ಅಂಗಡಿ ಬೋರ್ಡು ಯಾವ ಭಾಷೆಯಲ್ಲಿದೆ, ಗಾಡಿಗಳ ನಂಬರ್ ಪ್ಲೇಟು ನಮ್ಮ ಕಡೆಯದಾ? ವಿಡಿಯೋ ನಿಲ್ಲಿಸಿ ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಅದೇ ದೃಶ್ಯ ಮೊದಲು ಎಲ್ಲೆಲ್ಲಿ ಬಂದಿತ್ತು ಎಂದು ಎಷ್ಟೋ ಸಲ ಸಿಕ್ಕಿಬಿಡುತ್ತದೆ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಐದು ಅಥವಾ ಇನ್ನೂ ಜಾಸ್ತಿ ಕೈ ದಾಟಿ ಬಂದಿದೆ ಎಂದರ್ಥ. ನಿಮ್ಮ ದೊಡ್ಡಮಾವನವರಿಗೂ ಅದರ ಮೂಲ ಗೊತ್ತಿರಲಾರದು. ಇಂಥ ಮೆಸೇಜನ್ನು 2020ರಿಂದ ವಾಟ್ಸಾಪ್ ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಬಿಡುತ್ತದೆ.

ದೂರಿನ ವಿಷಯದಲ್ಲಿ ಒಂದು ಎಚ್ಚರ. ವಾಟ್ಸಾಪ್‌ನಲ್ಲಿ ‘ರಿಪೋರ್ಟ್’ ಒತ್ತಿದರೆ ಕಳಿಸಿದವರ ಕೊನೆಯ ಐದು ಮೆಸೇಜು ಕಂಪನಿಗೆ ಹೋಗುತ್ತವೆ. ಅಂದರೆ ನೀವು ದೂರು ಕೊಡುವುದು ದೊಡ್ಡಮಾವನವರ ಮೇಲೆ! ಗುರುತಿಲ್ಲದ ನಂಬರಿನಿಂದ ಬಂದದ್ದಕ್ಕೆ ಅದನ್ನು ಖಂಡಿತ ಬಳಸಿ, ಮನೆಯವರಿಗೆ ಬೇಡ. ಫೇಸ್‌ಬುಕ್ಕಿನಲ್ಲಾದರೆ ಪೋಸ್ಟಿನ ಮೂರು ಚುಕ್ಕೆ ಒತ್ತಿದರೆ ದೂರಿನ ದಾರಿ ಕಾಣುತ್ತದೆ. ಕೇಂದ್ರ ಸರ್ಕಾರದ ಯೋಜನೆ, ನೋಟು, ನೇಮಕಾತಿ ಎಂದು ಬಂದದ್ದನ್ನು ಅದೇ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯ ಫ್ಯಾಕ್ಟ್ ಚೆಕ್‌ನ ವಾಟ್ಸಾಪ್ 8799711259ಕ್ಕೆ ಕಳಿಸಿ ಕೇಳಬಹುದು. ಇಂಥ ಮೆಸೇಜು ನಂಬಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಊರಲ್ಲಿ ಯಾರನ್ನೋ ಮಕ್ಕಳ ಕಳ್ಳರೆಂದು ಹಿಡಿದಿದ್ದಾರೆ ಎಂದು ಕಿವಿಗೆ ಬಿದ್ದರೆ ಗ್ರೂಪಿಗೆ ಹಾಕಬೇಡಿ, ಮೊದಲು 112ಕ್ಕೆ ಫೋನ್ ಮಾಡಿ. ಸುದ್ದಿ ನಿಜವಾಗಿದ್ದರೂ ಸುಳ್ಳಾಗಿದ್ದರೂ ಆಗ ಬೇಕಾದವರು ಪೊಲೀಸರೇ.

ಇಷ್ಟೆಲ್ಲ ಹೇಳಿದರೂ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು, ಸುಳ್ಳು ಬಂದ ಗ್ರೂಪಿನಲ್ಲೇ ಅದನ್ನು ತಿದ್ದುವುದು. ಅದನ್ನು ನೋಡಿದವರೆಲ್ಲ ಅಲ್ಲೇ ಇದ್ದಾರೆ ಅಲ್ವಾ? ಮೊದಲು ದೊಡ್ಡಮಾವನವರಿಗೆ ಫೋನ್ ಮಾಡಿ. ಎಲ್ಲರೆದುರು ಸುಳ್ಳು ಅನ್ನಿಸಿಕೊಂಡರೆ ಯಾರಿಗಾದರೂ ಬೇಜಾರಾಗುತ್ತದೆ, ವಾದಕ್ಕೆ ನಿಲ್ಲುತ್ತಾರೆ. ‘ಮಾವ, ನೀವು ಮಕ್ಕಳ ಬಗ್ಗೆ ಯೋಚನೆ ಮಾಡಿ ಕಳಿಸಿದ್ರಿ. ಆದರೆ ಅದು ಕರಾಚಿದಂತೆ, ಕೊನೆ ಕತ್ತರಿಸಿದ್ದಾರೆ. ಇದನ್ನೇ ನಂಬಿ ಜನ ಅಮಾಯಕರನ್ನ ಹೊಡೆದಿದ್ದಾರೆ. ನೀವೇ ಒಂದು ಮಾತು ಗ್ರೂಪಲ್ಲಿ ಹೇಳಿದರೆ ಎಲ್ಲರೂ ಕೇಳ್ತಾರೆ’ ಅನ್ನಿ. ಅವರೇ ಹೇಳಿದರೆ ನಿಮ್ಮ ಮಾತಿಗಿಂತ ಹೆಚ್ಚು ತೂಕ ಬರುತ್ತದೆ. ಕಳಿಸಿ ಎರಡು ದಿನದೊಳಗಾದರೆ ಅವರೇ ಎಲ್ಲರ ಫೋನಿನಿಂದಲೂ ಅಳಿಸಬಹುದು. ಅವರಿಗೆ ಅಳಿಸಲು ಬಾರದಿದ್ದರೆ ಅಡ್ಮಿನ್ ಕೂಡ ಅಳಿಸಬಹುದು, ಅಂದರೆ ನಿಮ್ಮ ಯಜಮಾನರು. ಸುಮ್ನೆ ಅಳಿಸಿದರೆ ಸಾಲದು, ಯಾಕೆ ಅಳಿಸಿದೆ ಎಂದು ಕೆಳಗೆ ಒಂದು ಸಾಲು ಬರೆಯಲಿ. ಅಷ್ಟರಲ್ಲಿ ಯಾರಾದರೂ ಬೇರೆ ಗ್ರೂಪಿಗೆ ಕಳಿಸಿದ್ದರೆ, ಆ ಸಾಲನ್ನು ಅಲ್ಲಿಗೂ ಕಳಿಸಲು ಕೇಳಿಕೊಳ್ಳಲಿ.